ಭೇಟಿಗೆ ಹತ್ತು ಫ್ರಾಂಕ್

ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಅಂದರೆ ಸಾಕು, ಕನಸು, ನೆರಳು, ಆರ್ಕಿಟೈಪ್ (ಎಲ್ಲರ ಮನದಾಳದಲ್ಲೂ ಇರುವ ಆದಿಮ ಬಿಂಬ) ಎಂದು ಶುರುವಾಗುತ್ತದೆ. ನನಗೆ ಮಾತ್ರ ಮೊದಲು ನೆನಪಾಗುವುದು ಅವನ ಫೀಸು.

1904ರ ಆಗಸ್ಟ್‌ನಲ್ಲಿ ರಷ್ಯಾದ ರಾಸ್ತೋವ್‌ನ ಸಬೀನಾ ಸ್ಪೀಲ್‌ರೈನ್ ಎಂಬ ಹದಿನೆಂಟರ ಹುಡುಗಿ ಜ್ಯೂರಿಕ್‌ನ ಬುರ್ಗ್‌ಹೋಲ್ಜ್‌ಲಿ ಮಾನಸಿಕ ಆಸ್ಪತ್ರೆ ಸೇರಿದಳು. ಆಕೆಯ ಡಾಕ್ಟರ್ ಯೂಂಗ್. ಮರುವರ್ಷವೇ ಗುಣವಾಗಿ ಅದೇ ಊರಲ್ಲಿ ಮೆಡಿಕಲ್ ಓದಲು ಸೇರಿದಳು. ಇಬ್ಬರಲ್ಲೂ ಸಲುಗೆ ಬೆಳೆಯಿತು. ಅವನಿಗೋ ಮದುವೆಯಾಗಿತ್ತು, ಮಕ್ಕಳಿದ್ದರು. ಸುದ್ದಿ ಹುಡುಗಿಯ ತಾಯಿಯ ಕಿವಿಗೂ ಬಿತ್ತು.

ಆ ತಾಯಿಗೆ ಯೂಂಗ್ ಬರೆದ ಉತ್ತರ ನೋಡಿ. ತಾನು ಫೀಸೇ ತೆಗೆದುಕೊಂಡಿಲ್ಲವಾದ್ದರಿಂದ ಡಾಕ್ಟರ ಸ್ಥಾನ ಬಿಟ್ಟು ಗೆಳೆಯನಾಗುವುದು ಸುಲಭವಾಯಿತಂತೆ. ಡಾಕ್ಟರಾಗಿಯೇ ಇರಬೇಕೆಂದರೆ ದುಡ್ಡು ಕೊಡಿ, ಭೇಟಿಗೆ ಹತ್ತು ಫ್ರಾಂಕ್! ಮನಸ್ಸಿನ ಆಳ ಅಳೆಯಲು ಹೊರಟವನು ಕಷ್ಟ ಬಂದಾಗ ಬಿಚ್ಚಿದ್ದು ಲೆಕ್ಕದ ಪುಸ್ತಕ.

ಸಬೀನಾ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ಗೆ ಪತ್ರ ಬರೆದಳು. ಫ್ರಾಯ್ಡ್, ಯೂಂಗ್ ಇಬ್ಬರೂ 1907ರಲ್ಲಿ ವಿಯೆನ್ನಾದ ಮೊದಲ ಭೇಟಿಯಲ್ಲೇ ಹದಿಮೂರು ಗಂಟೆ ಹರಟಿದ್ದ ಗಂಡಸರು. ಫ್ರಾಯ್ಡ್ ಯಾರ ಪರ ನಿಂತನೆಂದು ಹೇಳಬೇಕಿಲ್ಲ. ಇಂಥ ಅನುಭವಗಳು ಡಾಕ್ಟರನ್ನು ಗಟ್ಟಿ ಮಾಡುತ್ತವೆ ಎಂದು 1909ರ ಜೂನ್‌ನಲ್ಲಿ ಯೂಂಗ್‌ಗೆ ಸಮಾಧಾನ ಹೇಳಿದ. ‘ಕೌಂಟರ್‌ಟ್ರಾನ್ಸ್‌ಫರೆನ್ಸ್’ ಎಂಬ ಮಾತು ಬಂದದ್ದು ಆ ಪತ್ರದಲ್ಲೇ. ರೋಗಿಯ ಬಗ್ಗೆ ಡಾಕ್ಟರೊಳಗೇ ಏಳುವ ಭಾವನೆಗಳಿಗೆ ಇಟ್ಟ ಹೆಸರು ಅದು. ಇವತ್ತು ಕೌನ್ಸೆಲಿಂಗ್ ಕಲಿಯುವವರೆಲ್ಲ ಓದುವ ಪಾಠ. ಅದಕ್ಕೆ ಬೆಲೆ ತೆತ್ತವಳ ಹೆಸರು ಎಷ್ಟು ಜನಕ್ಕೆ ಗೊತ್ತು?

ಆಕೆ ಅಳುತ್ತಾ ಕೂರಲಿಲ್ಲ ಅನ್ನುವುದು ನನಗೆ ಮುಖ್ಯ. 1911ರಲ್ಲಿ ಸ್ಕಿಜೋಫ್ರೇನಿಯಾ ರೋಗಿಯೊಬ್ಬಳ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಳು. ಮರುವರ್ಷ, ಹೊಸದು ಹುಟ್ಟಬೇಕಾದರೆ ಹಳೆಯದು ನಾಶವಾಗಬೇಕು, ಕಾಮದೊಳಗೇ ಆ ನಾಶದ ಎಳೆಯಿದೆ ಎಂದು ಬರೆದಳು. 1920ರಲ್ಲಿ ಫ್ರಾಯ್ಡ್ ಮೃತ್ಯುಪ್ರವೃತ್ತಿಯ, ಅಂದರೆ ಸಾವು-ನಾಶಗಳತ್ತ ಎಳೆಯುವ ಒಳತುಡಿತದ ಮಾತೆತ್ತಿದಾಗ ಆಕೆಗೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿ. ಅದರಲ್ಲೂ, ಲೇಖನ ನನಗೆ ಪೂರ್ತಿ ಸ್ಪಷ್ಟವಾಗಲಿಲ್ಲ ಎಂಬ ಕೊಂಕು! ಮುಂದೆ ಜಿನೀವಾದಲ್ಲಿ ಮಕ್ಕಳ ಮನಸ್ಸಿನ ಅಧ್ಯಯನಕ್ಕೆ ಹೆಸರಾದ ಸಾಕ್ಷಾತ್ ಪಿಯಾಜೆಯೇ ಆಕೆಯ ಬಳಿ ಮನೋವಿಶ್ಲೇಷಣೆಗೆ ಕೂತ. 1942ರಲ್ಲಿ ನಾಜಿಗಳು ರಾಸ್ತೋವ್‌ನಲ್ಲಿ ಆಕೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೊಂದರು.

1977ರಲ್ಲಿ ಜಿನೀವಾದ ನೆಲಮಾಳಿಗೆಯೊಂದರಲ್ಲಿ ಆಕೆಯ ಡೈರಿ, ಪತ್ರಗಳು ಸಿಕ್ಕವು. ಆಮೇಲಾದರೂ ಆಕೆಯ ಲೇಖನ ಓದಬೇಕಿತ್ತು. ಜನ ಹುಡುಕಿದ್ದು ಪ್ರೇಮಪ್ರಕರಣವನ್ನು.

ಯೂಂಗ್‌ನನ್ನು ಓದಬೇಡಿ ಅನ್ನುತ್ತಿಲ್ಲ, ನಾನೂ ಓದುತ್ತೇನೆ. ಆದರೆ “ಆ ಕಾಲವೇ ಹಾಗಿತ್ತು ಬಿಡಿ” ಎಂದು ಕಾಮೆಂಟ್ ಹಾಕುವ ಮುಂಚೆ ಒಂದು ಮಾತು. ಆ ತಾಯಿಗೆ ತಾನು ಬರೆದದ್ದು ನೀಚ ಕೆಲಸ ಎಂದು 1909ರಲ್ಲೇ ಫ್ರಾಯ್ಡ್ ಮುಂದೆ ಒಪ್ಪಿಕೊಂಡವನು ಸ್ವತಃ ಯೂಂಗ್.