ಕಡಿಮೆಯಾಗಬೇಕಾದದ್ದು ವಿಮಾನ, ನಿಯಂತ್ರಕರ ನಿದ್ದೆಯಲ್ಲ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಅಪ್ಪ ಅಮ್ಮಂದಿರು ಬೇಸಿಗೆಯಲ್ಲಿ ದೆಹಲಿಯಲ್ಲೋ ಮುಂಬೈಯಲ್ಲೋ ವಿಮಾನ ಬದಲಿಸಿ ಬಂದಿಳಿಯುವುದು ಹೆಚ್ಚಾಗಿ ನೆವಾರ್ಕ್‌ನಲ್ಲಿ. 2025ರ ಏಪ್ರಿಲ್ 28ರಂದು ಆ ನಿಲ್ದಾಣದತ್ತ ಬರುವ ವಿಮಾನಗಳನ್ನು ನಡೆಸುವ ವಾಯು ಸಂಚಾರ ನಿಯಂತ್ರಕರ ರಾಡಾರ್ ಪರದೆಗಳು ಸುಮಾರು 90 ಸೆಕೆಂಡು ಕಪ್ಪಾದವು. ರೇಡಿಯೊ ಸಂಪರ್ಕವೂ ಕಡಿದುಹೋಯಿತು. ಇಳಿಯಲೆಂದು ವೇಗ ತಗ್ಗಿಸಿಕೊಂಡ ವಿಮಾನವೂ ಅಷ್ಟು ಹೊತ್ತಿನಲ್ಲಿ ಹತ್ತು ಕಿಲೊಮೀಟರ್‌ನಷ್ಟು ದೂರ ಸಾಗಿರುತ್ತದೆ. ಒಬ್ಬೊಬ್ಬ ನಿಯಂತ್ರಕರ ಕೈಯಲ್ಲಿ ಅಂಥ ಹಲವು ವಿಮಾನಗಳಿರುತ್ತವೆ. ಯಾವುದು ಎಷ್ಟು ಎತ್ತರದಲ್ಲಿದೆ, ಯಾರಿಗೆ ಯಾವ ಕಡೆ ತಿರುಗಲು ಹೇಳಿತ್ತು ಎಂಬುದನ್ನೆಲ್ಲ ಅವರು ನೆನಪಿನಲ್ಲೇ ಹಿಡಿದಿಟ್ಟುಕೊಳ್ಳಬೇಕಾಯಿತು. ಆಮೇಲೆ ಅವರಲ್ಲಿ ಕೆಲವರು ಮಾನಸಿಕ ಆಘಾತದ ರಜೆ ಪಡೆದರು. ಮೊದಲೇ ಜನ ಸಾಲದ ಕೇಂದ್ರ ಇನ್ನಷ್ಟು ಬರಿದಾಯಿತು.

ಅಮೆರಿಕದಲ್ಲಿ ಈ ಕೊರತೆ ಹೊಸದಲ್ಲ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11 ಸಾವಿರಕ್ಕೂ ಹೆಚ್ಚು ನಿಯಂತ್ರಕರನ್ನು ಅಧ್ಯಕ್ಷ ರೇಗನ್ ಒಂದೇ ಏಟಿಗೆ ವಜಾ ಮಾಡಿದರು. ಅವರ ಜಾಗಕ್ಕೆ ಒಟ್ಟಿಗೆ ಸೇರಿದವರೆಲ್ಲ ಮುಂದೆ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾದರು. ಇಲ್ಲಿ 31 ತುಂಬುವ ಮೊದಲೇ ಸೇರಬೇಕು, 56ಕ್ಕೆ ಹೊರಡಬೇಕು. ಓಕ್ಲಹೋಮಾ ಸಿಟಿಯ ತರಬೇತಿ ಅಕಾಡೆಮಿಯಲ್ಲಿ ಪಾಸಾದರೂ ಸಾಲದು; ಒಂದೊಂದು ಟವರ್‌ನ, ಅಂದರೆ ನಿಯಂತ್ರಣ ಗೋಪುರದ, ಆಕಾಶವನ್ನೂ ಅಲ್ಲೇ ಕುಳಿತು ಕಲಿತು ಅರ್ಹತೆ ಪಡೆಯಬೇಕು. ಹಾಗಾಗಿ ಒಂದು ಊರಿನ ನಿಯಂತ್ರಕರನ್ನು ನಾಳೆಯೇ ಇನ್ನೊಂದು ಊರಿಗೆ ಕಳಿಸಿ ಕೂರಿಸಲು ಬರುವುದಿಲ್ಲ. ಉಳಿದಿರುವ ದಾರಿ ಒಂದೇ, ಇರುವವರಿಂದಲೇ ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಗಂಟೆ ದುಡಿಸಿಕೊಳ್ಳುವುದು.

ಹಾಗೆ ದುಡಿಸಿಕೊಳ್ಳುವ ಕ್ರಮ ಎಷ್ಟು ಹೀನವಾಗಬಹುದು ಎಂಬುದನ್ನು 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಕಂಡೆವು. ಅಮೆರಿಕದ ಸಂಸತ್ತಿನ ಬಜೆಟ್ ಜಗಳಕ್ಕೆ ಸಿಕ್ಕಿ ಸರ್ಕಾರ 43 ದಿನ ಸ್ಥಗಿತಗೊಂಡಾಗ ನಿಯಂತ್ರಕರು ಸಂಬಳವಿಲ್ಲದೆ ಪಾಳಿಗೆ ಬರಬೇಕಾಯಿತು. ಕೆಲವರು ಬಿಡುವಿನಲ್ಲಿ ಬಾಡಿಗೆ ಕಾರು ಓಡಿಸಿದರು, ಮನೆಮನೆಗೆ ಊಟ ತಲುಪಿಸಿದರು. ಎಲ್ಲ ಮುಗಿದ ಮೇಲೆ, ಆ ಅವಧಿಯಲ್ಲಿ ಒಂದು ದಿನವೂ ತಪ್ಪಿಸದ 776 ನಿಯಂತ್ರಕರು ಮತ್ತು ತಂತ್ರಜ್ಞರಿಗೆ ಮಾತ್ರ ತಲಾ 10,000 ಡಾಲರ್ ಬಹುಮಾನ! ಜ್ವರ ಬಂದವರು, ನಿದ್ದೆಗೆಟ್ಟು ಇವತ್ತು ನನ್ನಿಂದಾಗದು ಎಂದು ಪ್ರಾಮಾಣಿಕವಾಗಿ ರಜೆ ಹಾಕಿದವರು ಈ ಲೆಕ್ಕದಲ್ಲಿ ತಪ್ಪಿತಸ್ಥರು. ಸುರಕ್ಷತೆಯನ್ನು ಬಲ್ಲ ಯಾರೂ ಇಂಥ ಬಹುಮಾನ ಕೊಡಬಾರದಿತ್ತು.

ನಮ್ಮ ದೇಶದಲ್ಲಿ ಈ ದುರವಸ್ಥೆ ಇಲ್ಲ. ಬಜೆಟ್ ಜಗಳಕ್ಕೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ (ಎಎಐ) ನೌಕರರ ಸಂಬಳ ನಿಲ್ಲುವುದಿಲ್ಲ. ಆದರೆ ನಮಗೆ ಬೇರೊಂದು ರೋಗವಿದೆ, ಮುಚ್ಚಿಡುವ ರೋಗ. 2022ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಎರಡೂ ರನ್‌ವೇಗಳ ಬದಲು ಒಂದನ್ನೇ ಬಳಸಲು ಪಾಳಿಯ ಮುಖ್ಯಸ್ಥರು ನಿರ್ಧರಿಸಿದರು. ಆ ಸುದ್ದಿ ದಕ್ಷಿಣ ರನ್‌ವೇ ನೋಡಿಕೊಳ್ಳುವ ಟವರ್‌ಗೆ ತಲುಪಲಿಲ್ಲ. ಇಂಡಿಗೋದ ಎರಡು ವಿಮಾನಗಳು ಒಂದೇ ಹೊತ್ತಿಗೆ ಏರಿ ಒಂದರತ್ತ ಒಂದು ಸಾಗಿದವು. ರಾಡಾರ್ ಮುಂದಿದ್ದ ನಿಯಂತ್ರಕರೊಬ್ಬರು ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನೂರಾರು ಜೀವ ಉಳಿಯಿತು. ಅಂಥ ಘಟನೆಯನ್ನು ಯಾವ ದಾಖಲೆ ಪುಸ್ತಕದಲ್ಲೂ ಬರೆದಿರಲಿಲ್ಲ ಎಂಬುದು ಆಮೇಲೆ ಬಯಲಾಯಿತು. ಎಚ್ಚರವಿದ್ದ ಒಂದು ಜೊತೆ ಕಣ್ಣು ನಮ್ಮನ್ನು ಕಾಯಿತು. ಆ ಕಣ್ಣುಗಳು ಸತತ ರಾತ್ರಿ ಪಾಳಿಯಿಂದ ಬಳಲಿದ್ದರೆ?

ಇದು ಬರಿಯ ಕಲ್ಪನೆಯ ಭಯವಲ್ಲ. 2002ರ ಜುಲೈ 1ರ ರಾತ್ರಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಿಯಂತ್ರಣ ಕೇಂದ್ರದಲ್ಲಿ ಒಬ್ಬ ನಿಯಂತ್ರಕ ವಿಶ್ರಾಂತಿಗೆ ಹೋಗಿದ್ದರು. ಇನ್ನೊಬ್ಬರು ಒಬ್ಬಂಟಿಯಾಗಿ ಎರಡು ಪರದೆ ನೋಡಿಕೊಳ್ಳುತ್ತಿದ್ದರು, ಫೋನ್ ಸಂಪರ್ಕವೂ ದುರಸ್ತಿಯಲ್ಲಿತ್ತು. ಜರ್ಮನಿಯ ಯೂಬರ್ಲಿಂಗನ್ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ರಷ್ಯಾದ ಶಾಲಾ ಮಕ್ಕಳು. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಪ್ರಯಾಣಿಕ ವಿಮಾನಕ್ಕೆ ಸೇನಾ ಹೆಲಿಕಾಪ್ಟರ್ ಬಡಿದು 67 ಮಂದಿ ಪೊಟೊಮ್ಯಾಕ್ ನದಿಯ ಪಾಲಾದಾಗಲೂ ಹೆಲಿಕಾಪ್ಟರ್‌ಗಳ ಮತ್ತು ವಿಮಾನಗಳ ಎರಡು ಸ್ಥಾನಗಳನ್ನು ಒಬ್ಬರೇ ನಿಭಾಯಿಸುತ್ತಿದ್ದರು. ಅಲ್ಲಿ ಬೇರೆ ಕಾರಣಗಳೂ ಇದ್ದವು, ಹೆಲಿಕಾಪ್ಟರ್ ಮಾರ್ಗವೇ ರನ್‌ವೇ ದಾರಿಗೆ ತೀರ ಹತ್ತಿರವಿತ್ತು. ಆದರೂ ಇಬ್ಬರ ಕೆಲಸ ಒಬ್ಬರ ತಲೆಗೆ ಬಿದ್ದಾಗ ತಪ್ಪು ತಿದ್ದಿಕೊಳ್ಳಲು ಉಳಿಯುವ ಸಮಯ ಮೊದಲು ಕರಗುತ್ತದೆ.

ಇನ್ನು ಅಮೆರಿಕದಿಂದ ನಾವು ಕಲಿಯಬೇಕಾದ್ದೂ ಇದೆ. ನೆವಾರ್ಕ್ ಘಟನೆಯ ನಂತರ ಇಲ್ಲಿನ ವಿಮಾನಯಾನ ಆಡಳಿತ ಗಂಟೆಗೆ ಇಂತಿಷ್ಟೇ ವಿಮಾನ ಇಳಿಯಬೇಕು, ಏರಬೇಕು ಎಂದು ಮಿತಿ ಹಾಕಿತು. ವಿಮಾನ ಕಂಪನಿಗಳಿಗೆ ನಷ್ಟವಾಯಿತು, ನಮ್ಮಂಥವರ ಟಿಕೆಟ್‌ಗಳು ಏರುಪೇರಾದವು. ಇರಲಿ, ಅದೇ ಸರಿಯಾದ ಕ್ರಮ. ಜನ ಕಡಿಮೆಯಿದ್ದರೆ ವಿಮಾನ ಕಡಿಮೆ ಹಾರಬೇಕು. ಇನ್ನೊಂದು ಒಳ್ಳೆಯ ರೂಢಿಯೂ ಇಲ್ಲಿದೆ. ಯಾವ ಟವರ್‌ನಲ್ಲಿ ಎಷ್ಟು ನಿಯಂತ್ರಕರಿದ್ದಾರೆ ಎಂಬುದನ್ನು ನಿಯಂತ್ರಕರ ನೇಮಕಾತಿ ಯೋಜನೆಯಲ್ಲಿ ಒಂದೊಂದು ಕೇಂದ್ರದ ಹೆಸರು ಹಿಡಿದು ಪ್ರಕಟಿಸುತ್ತಾರೆ. ಪತ್ರಕರ್ತರು, ಸಂಸದರು ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳುತ್ತಾರೆ.

ಕರ್ನಾಟಕದಲ್ಲಿ 2019ರಲ್ಲಿ ಕಲಬುರಗಿ, 2023ರಲ್ಲಿ ಶಿವಮೊಗ್ಗ ನಿಲ್ದಾಣ ತೆರೆದವು. ಮಲೆನಾಡಿನ, ಕಲ್ಯಾಣ ಕರ್ನಾಟಕದ ಜನರಿಗೆ ಇವು ಸಿಗಲೇಬೇಕಿತ್ತು, ಸಂತೋಷ. ಆದರೆ ಪ್ರತಿ ಹೊಸ ಟವರ್‌ಗೂ ತರಬೇತಾದವರು ಬೇಕು. ಉದ್ಘಾಟನೆಯ ದಿನ ರನ್‌ವೇ ಎಷ್ಟು ಉದ್ದ ಎಂದು ಎಲ್ಲರೂ ಹೇಳುತ್ತಾರೆ, ಟವರ್‌ನಲ್ಲಿ ಪಾಳಿಗೆ ಎಷ್ಟು ಜನ ಎಂದು ಯಾರೂ ಹೇಳುವುದಿಲ್ಲ. ನಿಯಂತ್ರಕರ ದಣಿವು ಮತ್ತು ಕೊರತೆಯ ಬಗ್ಗೆ 2025ರಲ್ಲಿ ಸಂಸದೀಯ ಸಮಿತಿಯೇ ಆತಂಕ ವ್ಯಕ್ತಪಡಿಸಿದೆ. ನಮ್ಮ ರಾಜ್ಯದ ಸಂಸದರು ಮುಂದಿನ ಅಧಿವೇಶನದಲ್ಲಿ ಕೆಂಪೇಗೌಡ, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದಲೇ ಶುರುಮಾಡಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಕಳೆದ ವರ್ಷ ಪಾಳಿಯ ಮಿತಿ ಮೀರಿದ್ದು ಎಷ್ಟು ಸಲ ಎಂಬ ಉತ್ತರವನ್ನು ಲಿಖಿತವಾಗಿ ಕೇಳಲಿ.