ಸ್ಪಷ್ಟನೆ: ಕಾಟನ್ ಮೇಲೆ ಕಾಟನ್ ಹಾಕಿದ್ರೆ ಚಳಿ ತಡೆಯಲ್ಲ

ಚಳೀಲಿ ಟ್ರೆಕ್ಕಿಂಗ್ ಹೋಗೋರು ಮೂರ್ನಾಲ್ಕು ಕಾಟನ್ ಟೀಶರ್ಟ್ ಒಂದರ ಮೇಲೊಂದು ಬಿಗಿಯಾಗಿ ಹಾಕ್ಕೊಂಡ್ರೆ ಸಾಕು ಅಂತ ಮೆಸೇಜ್ ಓಡಾಡ್ತಿದೆ, ಅದು ತಪ್ಪು. ಬ್ಯಾಗ್ ಹೊತ್ಕೊಂಡು ಏರು ಹತ್ತುವಾಗ ಬೆವರು ಬಂದೇ ಬರುತ್ತೆ, ಕಾಟನ್ ಅದನ್ನ ಹೀರ್ಕೊಂಡು ಒದ್ದೆಯಾಗೇ ಇರುತ್ತೆ, ನಿಂತು ಬ್ಯಾಗ್ ಇಳಿಸಿದ ಕೂಡ್ಲೇ ಬೆನ್ನು ಕೊರೆಯೋಕೆ ಶುರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತೆ. ನಮ್ಮನ್ನ ಬೆಚ್ಚಗಿಡೋದೇ ಬಟ್ಟೆಗಳ ಮಧ್ಯೆ ನಿಂತಿರೋ ಗಾಳಿ, ಬಿಗಿಯಾದ್ರೆ ಅದಕ್ಕೂ ಜಾಗ ಇರಲ್ಲ.

ಮೈಗೆ ತಾಗೋ ಹಾಗೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್ (ಮೃದುವಾದ, ದಪ್ಪ ಸಿಂಥೆಟಿಕ್ ಬಟ್ಟೆ), ಹೊರಗೆ ಗಾಳಿ ಮಳೆ ತಡೆಯೋ ಜಾಕೆಟ್. ನಡೆಯೋಕೆ ಮುಂಚೆ ಒಂದು ಪದರ ಬಿಚ್ಚಿ, ನಿಂತಾಗ ಹಾಕ್ಕೊಳ್ಳಿ, ಇದನ್ನೇ ತುಂಬಾ ಜನ ಮರೀತಾರೆ.

ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಒದ್ದೆ ಬಟ್ಟೇಲಿ ಹೈಪೋಥರ್ಮಿಯಾ (ಮೈ ಶಾಖ ಅಪಾಯ ಆಗೋಷ್ಟು ಇಳಿಯೋದು) ಆಗೋಕೆ ಸೊನ್ನೆ ಡಿಗ್ರಿ ಚಳೀನೇ ಬೇಕಾಗಿಲ್ಲ.