ಬರೆಯೋ ಮಕ್ಕಳಿಗೆ ಕೀಬೋರ್ಡ್ ಕೊಡಿಸ್ರಪ್ಪಾ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ. ನಿನ್ನೆ ಸಂಜೆ ನಮ್ಮಕ್ಕನ ಮಗಳು ನನ್ನ ಟೈಪಿಂಗ್ ಅಂಗಡಿಗೆ ಬಂದಿದ್ಲು. ಎಂ.ಎ. ಕೊನೇ ವರ್ಷ, ಪ್ರಾಜೆಕ್ಟ್ ರಿಪೋರ್ಟ್ ಕೊಡೋ ದಿನ ಹತ್ರ ಬಂದಿದೆ, ಕೈಯಲ್ಲೊಂದು ಟ್ಯಾಬ್. "ಚಿಕ್ಕಿ, ಈ ಪ್ಯಾರಾ ಮೇಲಕ್ಕೆ ಹೋಗ್ಬೇಕು, ಆಗಿಂದ ಒದ್ದಾಡ್ತಿದೀನಿ, ಆಗ್ತಾನೇ ಇಲ್ಲ" ಅಂದ್ಲು. ಪಕ್ಕ ಕೂತು ನೋಡ್ದೆ. ಬೆರಳು ಒತ್ತಿ ಹಿಡೀಬೇಕು, ಒಂದು ಪದ ನೀಲಿ ಆಗತ್ತೆ, ಎರಡು ಕಡೆ ಹನಿ ಥರದ ಗುರುತು ಬರತ್ತೆ, ಅದನ್ನ ಎಳೀಬೇಕು, ಎಳೆಯೋವಾಗ ಯಾವ ಅಕ್ಷರ ನೋಡಬೇಕೋ ಅದೇ ಬೆರಳಡಿ ಮುಚ್ಚಿಹೋಗಿರತ್ತೆ, ಕೆಳಗಿನ ತುದಿಗೆ ಬಂದ್ರೆ ಪೇಜೇ ಸರ್ರಂತ ಓಡತ್ತೆ, ಎಲ್ಲೋ ಒಂದು ಕಡೆ ಬೆರಳು ತಪ್ಪಿದ್ರೆ ಸೆಲೆಕ್ಷನ್ ಹೋಯ್ತು. ಮತ್ತೆ ಮೊದಲಿಂದ. ಸ್ಕ್ರೀನಿನ ಅರ್ಧ ಭಾಗ ಆ ಕೀಬೋರ್ಡ್ ಚಿತ್ರವೇ ನುಂಗಿರತ್ತೆ, ಉಳಿದಿದ್ರಲ್ಲಿ ನಾಲ್ಕೈದು ಸಾಲು ಕಂಡ್ರೆ ಹೆಚ್ಚು. ನನ್ನ ಸಿಸ್ಟಮ್ಮಲ್ಲಿ ಆದ್ರೆ ಶಿಫ್ಟ್ ಹಿಡಿದು ಆರೋ ಒತ್ತೋದು, ಕಂಟ್ರೋಲ್ ಎಕ್ಸ್, ಕಂಟ್ರೋಲ್ ವಿ, ಮುಗೀತು.

ಹುಡುಗಿ ಮೇಲೆ ಸಿಟ್ಟಲ್ಲ. ಭಾವ ಕಂಪ್ಯೂಟರ್ ತರೋಣ ಅಂತಾನೇ ಹೋಗಿದ್ರು, ಅಂಗಡಿಯವನು "ಈಗ ಅದನ್ನೆಲ್ಲ ಯಾರು ತಗೋತಾರೆ ಸಾರ್, ಎಲ್ಲಾ ಟಚ್ಚೇ" ಅಂದನಂತೆ, ಇವರು ತಲೆ ಆಡಿಸಿ ಬಂದಿದಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಯಾವ ಮನೆಗೆ ಹೋದ್ರೂ ಇದೇ. ನೋಡೋದಕ್ಕೆ ಟಚ್ ಸಾಕು ರೀ, ಸಿನಿಮಾ ನೋಡಿ, ಕರೆಂಟ್ ಬಿಲ್ ಕಟ್ಟಿ, ಫೋಟೋ ದೊಡ್ಡದು ಮಾಡಿ ನೋಡಿ, ಬೇಡ ಅಂದವರ್ಯಾರು. ಆದ್ರೆ ಅರವತ್ತು ಪುಟ ಬರೀಬೇಕಾದ ಮಗು ಕೈಗೆ ಬರೀ ಗಾಜು ಕೊಟ್ಟು ಬರಿ ಅಂದ್ರೆ, ಕೈಗವಸು ತೊಟ್ಕೊಂಡು ಮಲ್ಲಿಗೆ ಕಟ್ಟು ಅಂದ ಹಾಗೆ.

ನಾನು ಟೈಪಿಂಗ್ ಇನ್‌ಸ್ಟಿಟ್ಯೂಟಿಂದ ಡಿಟಿಪಿಗೆ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸಕ್ಕೆ ಬಂದೋಳು ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಕೀಬೋರ್ಡ್ ಪರ ಮಾತಾಡ್ತಾಳೆ ಅಂತೀರಿ, ಅನ್ನಿ. ಆದ್ರೆ ಒಂದು ವಿಷಯ ನೋಡಿ. ಕೀಬೋರ್ಡಲ್ಲಿ ಎಫ್ ಮತ್ತು ಜೆ ಮೇಲೆ ಸಣ್ಣದೊಂದು ಉಬ್ಬು ಇರತ್ತೆ, ಕಣ್ಣು ಮುಚ್ಚಿದ್ರೂ ತೋರುಬೆರಳು ಹೋಗಿ ಅಲ್ಲೇ ಕೂರತ್ತೆ. ಈಗ ನಾವು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹೊಡೆಯೋ, ಯಾವ ಕೀಗೆ ಯಾವ ಅಕ್ಷರ ಅಂತ ಕೆ.ಪಿ. ರಾವ್ ಅವರು ಗೊತ್ತುಮಾಡಿದ ಕೀಲಿಮಣೆಯಲ್ಲಿ ಒತ್ತಕ್ಷರ ಕೊಡೋ ಕೀ ಯಾವುದು? ಅದೇ ಎಫ್! ಕನ್ನಡ ಅಂತ ಬರೀಬೇಕಾ, ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಏಟು. 'ಅ'ಕಾರ ಹೊಡೆಯೋ ಹಾಗೇ ಇಲ್ಲ, ಅದು ಅಕ್ಷರದ ಒಳಗೇ ಇದೆ. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಎರಡು ಸಾಲು ಮುಂದೆ ಹೋಗಕ್ಕಾಗಲ್ಲ, ಅಂಥದ್ದು ಎಡಗೈ ತೋರುಬೆರಳಿನ ಕೆಳಗೇ, ಉಬ್ಬಿನ ಮೇಲೇ ಇದೆ, ಹುಡುಕೋ ಮಾತೇ ಇಲ್ಲ. ಇಷ್ಟು ಚಂದದ ಏರ್ಪಾಡನ್ನ ಸರ್ಕಾರವೇ ಶಿಷ್ಟ ಕೀಲಿಮಣೆ ಅಂತ ಒಪ್ಪಿದೆ, ಕನ್ನಡ ಗಣಕ ಪರಿಷತ್ತು ನುಡಿ ಮಾಡಿದೆ, ವಿಂಡೋಸ್ ಬದಲು ಲಿನಕ್ಸ್ ಹಾಕಿರೋ ಕಂಪ್ಯೂಟರಲ್ಲೂ 'ಕಗಪ' ಅನ್ನೋ ಹೆಸರಲ್ಲಿ ಪುಕ್ಕಟೆ ಸಿಗತ್ತೆ. ಗಾಜಿನ ಮೇಲೆ ಯಾವ ಉಬ್ಬು ಇದೆ ಹೇಳಿ? ಪ್ರತಿ ಅಕ್ಷರಕ್ಕೂ ಕಣ್ಣು ಕೆಳಗೆ, ಆಮೇಲೆ ಮೇಲೆ. ಕಣ್ಣು ಕೀಬೋರ್ಡಿಗೆ ಅಂಟಿಕೊಂಡಿದ್ರೆ ವಾಕ್ಯದ ಬಗ್ಗೆ ಯೋಚನೆ ಮಾಡೋದು ಯಾವಾಗ?

ಫೋನಿಂದ್ಲೇ ಅಲ್ವಾ ಎಷ್ಟೋ ಜನ ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದ್ದು ಅಂತ ಕೇಳ್ತೀರಿ. ಹೌದು. ನಮ್ಮಮ್ಮ ಎಪ್ಪತ್ತು ದಾಟಿದ ಮೇಲೆ ವಾಟ್ಸಾಪಲ್ಲಿ ಕನ್ನಡದಲ್ಲೇ ಮೆಸೇಜ್ ಹಾಕ್ತಾರೆ, ಅದನ್ನ ನೋಡಿ ನಂಗೆ ಕಣ್ಣು ತುಂಬಿ ಬಂದಿದೆ. ಆದ್ರೆ ಮೆಸೇಜ್ ಬೇರೆ, ಅಧ್ಯಾಯ ಬೇರೆ. ವಾಯ್ಸ್ ಟೈಪಿಂಗ್ ಇದೆಯಲ್ಲ ಅನ್ನೋರೂ ಇದಾರೆ. ಬಾಯಲ್ಲಿ ಹೇಳಿದ್ದನ್ನ ತಿದ್ದೋರು ಯಾರು? ಅಲ್ಪವಿರಾಮ ಹಾಕೋದು, ಸಾಲು ಹಿಂದೆ ಮುಂದೆ ಮಾಡೋದು, ಅಡಿಟಿಪ್ಪಣಿ ಕೊಡೋದು? ಮತ್ತೆ ಅದೇ ಒತ್ತಿ ಹಿಡಿ, ಎಳಿ, ತಪ್ಪು, ಮತ್ತೆ ಒತ್ತಿ ಹಿಡಿ.

ಮಾಡಿದ ಕಂಪನಿಗಳಿಗೇ ಇದು ಗೊತ್ತಾಗಿದೆ. 2012ರಲ್ಲಿ ವಿಂಡೋಸ್ 8 ಬಂದಾಗ ಮೌಸ್ ಹಿಡಿದು ಕೂತೋರ ಮುಂದೆ ಬೆರಳಿಗೆ ಅಂತ ಮಾಡಿದ ದೊಡ್ಡ ದೊಡ್ಡ ಟೈಲ್ಸ್ ತಂದಿಟ್ರು, ಸ್ಟಾರ್ಟ್ ಬಟನ್ನೇ ಕಿತ್ತುಹಾಕಿದ್ರು, ಜನ ಬೈದು ಬೈದು ಮಾರನೇ ವರ್ಷ 8.1ರಲ್ಲಿ ಅದು ವಾಪಸ್ ಬಂತು. ಐಪ್ಯಾಡ್ ಬಂದಿದ್ದು 2010ರಲ್ಲಿ, ಹತ್ತು ವರ್ಷ ಆದ ಮೇಲೆ 2020ರಲ್ಲಿ ಅದಕ್ಕೂ ಮೌಸು, ಟ್ರ್ಯಾಕ್‌ಪ್ಯಾಡ್ ಸರಿಯಾಗಿ ಕೂಡಿಸಿದ್ರು. ಇನ್ನೂ ದೊಡ್ಡದು ಕೇಳಿ. 2017ರಲ್ಲಿ ಸಿಂಗಾಪುರದ ಹತ್ರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ಟ್ಯಾಂಕರಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತರಬೇತಿ ಸಾಲದ್ದೂ ಕಾರಣ, ಆದ್ರೆ ತನಿಖೆಯಲ್ಲಿ ಹಡಗು ನಡೆಸೋ ಟಚ್‌ಸ್ಕ್ರೀನಿನ ಗೊಂದಲವೂ ಎದ್ದು ಬಂತು, 2019ರಲ್ಲಿ ಅವರ ನೌಕಾಪಡೆ ವೇಗ ಹೆಚ್ಚು ಕಡಿಮೆ ಮಾಡೋಕೆ ಕೈಯಲ್ಲಿ ಹಿಡಿದು ತಳ್ಳೋ ಥ್ರಾಟಲ್ಲಿಗೇ ವಾಪಸ್ ಹೋಗ್ತೀವಿ ಅಂತು. ಹಡಗು ನಡೆಸೋರಿಗೇ ಕೈಗೆ ಸಿಗೋ ಹಿಡಿ ಬೇಕು ಅಂದ ಮೇಲೆ, ನಮ್ಮ ಹುಡುಗರಿಗೆ ಬೇಡವಾ?

ನಾನ್ಯಾಕೆ ಇಷ್ಟು ಉರ್ಕೋತೀನಿ ಅಂದ್ರೆ, ಅಪ್ಪ ಹೋದ ಮೇಲೆ ನಮ್ಮನೆ ನಡೆದಿದ್ದು ಈ ಹತ್ತು ಬೆರಳಿಂದ. ಬೇರೆಯೋರ ಥೀಸಿಸ್ ರಾತ್ರಿಯೆಲ್ಲ ಟೈಪ್ ಮಾಡಿ ತಮ್ಮನ ಕಾಲೇಜ್ ಫೀಸ್ ಕಟ್ಟಿದೀನಿ. ಯಾರ ಮುಂದೂ ಕೈ ಚಾಚಲಿಲ್ಲ. ಈ ಕೈಕೆಲಸ ಕಲಿತ ಹೆಣ್ಣುಮಗಳಿಗೆ ಯಾವ ಊರಲ್ಲೂ ಒಂದು ಕುರ್ಚಿ ಸಿಗತ್ತೆ ಅನ್ನೋ ಧೈರ್ಯ ಇತ್ತು. ಈಗ ಡಿಗ್ರಿ ಮುಗಿಸಿ ಕೆಲಸ ಕೇಳ್ಕೊಂಡು ಬರೋ ಹುಡುಗೀರು ಎರಡು ಹೆಬ್ಬೆರಳಲ್ಲಿ ಮಿಂಚಿನ ಥರ ಹೊಡೀತಾರೆ, ಕೀಬೋರ್ಡ್ ಮುಂದೆ ಕೂರಿಸಿದ್ರೆ ಒಂದೊಂದೇ ಅಕ್ಷರ ಹುಡುಕ್ತಾರೆ. ಅವರ ತಪ್ಪಲ್ಲ, ಯಾರೂ ಅವರ ಮುಂದೆ ಕೀಬೋರ್ಡ್ ಇಟ್ಟೇ ಇಲ್ಲ. ಹೊಟ್ಟೆ ಉರಿಯತ್ತೆ ನಂಗೆ.

ಹೊಸದೇ ಬೇಕು ಅಂತಿಲ್ಲ, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಾಕು, ಕೀಬೋರ್ಡ್ ಕೆಲವೇ ನೂರು ರೂಪಾಯಿಗೆ ಬರತ್ತೆ. ಅದೂ ಆಗದೇ ಇರೋರು, ಶಿವಮೊಗ್ಗದಲ್ಲಿರೋರು, ಅಂಗಡಿ ಗೊತ್ತಿದೆಯಲ್ಲ, ಸಂಜೆ ಆರರ ಮೇಲೆ ಎರಡು ಸಿಸ್ಟಮ್ ಖಾಲಿ ಇರತ್ತೆ. ಮಕ್ಕಳನ್ನ ಕಳಿಸಿ, ನುಡಿ ಟೈಪಿಂಗ್ ನಾನೇ ಹೇಳಿಕೊಡ್ತೀನಿ, ದುಡ್ಡು ಬೇಡ. ಭಾನುವಾರ ಮಾತ್ರ ರಜ.